ಗಿರಣಿ ಗದಿಗೆಪ್ಪನ ಎಡಗೆನ್ನೆ

ನನ್ನ ಎಡಗೆನ್ನೆಯನ್ನು ಯಾರೂ ಮುಟ್ಟಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಗದಿಗೆಪ್ಪ ಸಿಟ್ಟಿನವನು, ಬಾಯಿ ಕೆಟ್ಟವನು ಎಂದು ದೂರಬೇಡಿ. ಸಿಟ್ಟಿನವನು ಹೌದು. ಬಾಯಿಯೂ ಒಳ್ಳೆಯದಲ್ಲ. ಆದರೆ ನಮ್ಮೂರಿನವರು ನನ್ನ ಮೇಲೆ ಹೊರಿಸಿದ್ದು ಅದನ್ನಲ್ಲ. ಹಿಟ್ಟಿನ ಕಳ್ಳ ಎಂದರು.

ನಮ್ಮೂರಿನಲ್ಲಿ ಸುಳ್ಳು ಹೇಳಿದವರ ಎಡಗೆನ್ನೆ ತಣ್ಣಗಾಗುತ್ತದೆ. ಬಾವಿಯಿಂದ ಆಗಷ್ಟೇ ಎತ್ತಿದ ಕೊಡದಷ್ಟು ತಣ್ಣಗೆ. ನಿಜ ಹೇಳಿದರೆ ಬೆಚ್ಚಗೇ ಇರುತ್ತದೆ. ಬಲಗೆನ್ನೆಯಿಂದ ಏನೂ ತಿಳಿಯುವುದಿಲ್ಲ. ಬೇರೆ ಊರಿನವರ ಕೆನ್ನೆಯಂತೂ ಎಡವಾದರೇನು, ಬಲವಾದರೇನು, ಏನೂ ಹೇಳುವುದಿಲ್ಲ. ಅದಕ್ಕೇ ಅವರ ಮಾತನ್ನು ನಮ್ಮವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಲಿನವಳು ಕೆನ್ನೆ ಕೊಟ್ಟ ಮೇಲೆಯೇ ಹಾಲು ಅಳೆಯುತ್ತಾಳೆ. ಹೊಟ್ಟೆನೋವು ಎಂದ ಹುಡುಗನ ಕೆನ್ನೆಗೆ ಅಂಗೈ ಇಟ್ಟು ನೋಡಿ ಮಾಸ್ತರರು ಮನೆಗೆ ಬಿಡುತ್ತಾರೆ, ಇಲ್ಲವೇ ಬಗ್ಗಿಸಿ ನಿಲ್ಲಿಸುತ್ತಾರೆ. ಮದುವೆಯಲ್ಲಿ ಬೀಗರು ಒಬ್ಬರ ಕೆನ್ನೆ ಒಬ್ಬರು ಮುಟ್ಟಿದ ಮೇಲೆಯೇ ಅಕ್ಕಿಕಾಳು ಬೀಳುತ್ತವೆ. ಸಾಕ್ಷಿ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಬೇರೆ ಊರಿಗೆ ಹೋದಾಗ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಕಣ್ಣಿಂದ ನೋಡಿರಬೇಕಂತೆ. ಎಂಥ ತಾಪತ್ರಯದ ಜನವಪ್ಪಾ ಎಂದುಕೊಂಡಿದ್ದೆ.

ಊರಿಗೆಲ್ಲ ಇರುವುದು ಒಂದೇ ಹಿಟ್ಟಿನ ಗಿರಣಿ, ನನ್ನದು. ನನಗಿಂತ ಮೊದಲು ನಮ್ಮಪ್ಪನದು. ಹೆಂಗಸರು ಜೋಳ, ಗೋದಿಯ ಡಬ್ಬಿಗಳನ್ನು ಸಾಲಾಗಿ ಇಟ್ಟು ಮನೆಗೆ ಹೋಗುತ್ತಾರೆ. ಬೀಸಿದ ಮೇಲೆ ಬಂದು ಕೇಳುತ್ತಾರೆ, “ನನ್ನ ಕಾಳು ನನಗ ಬಂತಾ?” ನಾನು “ಬಂತು” ಎನ್ನುತ್ತೇನೆ. ಅಂಗೈ ಇಟ್ಟು ನೋಡಿ ಡಬ್ಬಿ ಎತ್ತಿಕೊಂಡು ಹೋಗುತ್ತಾರೆ. ಅವರ ಕೈಗೆ ಡಬ್ಬಿಯ ಹಿಟ್ಟು ಮೆತ್ತಿರುತ್ತದಲ್ಲ, ಸಂಜೆ ಹೊತ್ತಿಗೆ ನನ್ನ ಎಡಗೆನ್ನೆ ಬೆಳ್ಳಗೆ, ಬಲಗೆನ್ನೆ ಇದ್ದ ಹಾಗೆ ಕಪ್ಪಗೆ. ನಮ್ಮಪ್ಪನೂ ಹಾಗೇ ಮನೆಗೆ ಬರುತ್ತಿದ್ದ. ಅದು ನಮ್ಮ ಮನೆತನದ ಗುರುತು ಎಂದು ನಾನು ಚಿಕ್ಕವನಿದ್ದಾಗ ನಂಬಿದ್ದೆ.

ನೋವು ಶುರುವಾದದ್ದು ಒಂದು ಬೆಳಿಗ್ಗೆ ಗಡ್ಡ ಬೋಳಿಸುವಾಗ. ಮೂಗಿನ ಪಕ್ಕದಲ್ಲಿ ಕತ್ತಿ ತಾಗಿತು, ಅಷ್ಟೇ. ಜೋಳದ ಜೊತೆ ಕಬ್ಬಿಣದ ಮೊಳೆ ಬಂದು ಗಿರಣಿ ಕಲ್ಲಿಗೆ ಸಿಕ್ಕಿದರೆ ಏನಾಗುತ್ತದೆ ಎಂದು ನೀವು ನೋಡಿಲ್ಲದಿರಬಹುದು. ಕಿರ್ರೆಂದು ಒಂದು ಸದ್ದು, ಕಿಡಿ, ಸುಟ್ಟ ವಾಸನೆ, ನಿಂತವನ ಹಲ್ಲಿನ ಬುಡದವರೆಗೆ ನಡುಕ. ಅದು ನನ್ನ ಮುಖದೊಳಗೆ ಆಯಿತು. ಕಿವಿಯ ಮುಂದಿನಿಂದ ಗದ್ದದವರೆಗೆ. ಕತ್ತಿ ಕೈಯಿಂದ ಬಿತ್ತು. ಎಷ್ಟು ಹೊತ್ತು ಇತ್ತೋ, ಉಸಿರು ಎಳೆದು ಬಿಡುವಷ್ಟು ಇರಬೇಕು. ಆಮೇಲೆ ಏನೂ ಇಲ್ಲ. ಕನ್ನಡಿಯಲ್ಲಿ ನೋಡಿದರೆ ಗೀರೂ ಇಲ್ಲ, ರಕ್ತವೂ ಇಲ್ಲ.

ಅಂದಿನಿಂದ ಅದು ನನ್ನ ಜೊತೆಗೇ ಇದೆ. ಗಾಳಿ ಬೀಸಿದರೆ ಬರುತ್ತದೆ. ತಣ್ಣೀರು ತಾಗಿದರೆ ಬರುತ್ತದೆ. ರೊಟ್ಟಿ ಅಗಿದರೆ, ಆಕಳಿಸಿದರೆ, ಜೋರಾಗಿ ಮಾತಾಡಿದರೆ ಬರುತ್ತದೆ. ಕೆಲವು ದಿನ ಏನು ಮಾಡಿದರೂ ಬರುವುದಿಲ್ಲ, ಅದು ಇನ್ನೂ ಕೆಟ್ಟದ್ದು. ಬಾಗಿಲ ಸಂದಿಯಲ್ಲಿ ಯಾರೋ ನಿಂತಿದ್ದಾರೆ ಎಂದು ಗೊತ್ತಿದ್ದೂ ಮನೆಯಲ್ಲಿ ಓಡಾಡಿದ ಹಾಗೆ. ನನ್ನ ಮುಖವನ್ನೇ ನಾನು ನಂಬದ ಹಾಗಾಯಿತು. ತುತ್ತು ಬಾಯಿಗೆ ಹೋಗುವ ಮೊದಲು ನಿಂತು ಯೋಚಿಸುತ್ತದೆ. ಡಬ್ಬಿ ಒಯ್ಯಲು ಬಂದ ಹೆಂಗಸರಿಗೆಲ್ಲ ಇವತ್ತು ಬೇಡ, ನಾಳೆ ಮುಟ್ಟಿ ಎಂದು ಜಾರಿಕೊಳ್ಳತೊಡಗಿದೆ.

ಸಂತೆಗೆ ಬರುವ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ದವಡೆ ಹಲ್ಲಿನ ಬೇರು ಕೆಟ್ಟಿದೆ ಎಂದು ಒಂದು ಕಿತ್ತ. ನೋವು ಹೋಗಲಿಲ್ಲ. ಪಕ್ಕದ್ದು ಕೆಟ್ಟಿದೆ ಎಂದ, ಕಿತ್ತ. ಹೋಗಲಿಲ್ಲ. ಅದರ ಪಕ್ಕದ್ದೂ ಹೋಯಿತು. ಮೂರನೆಯದನ್ನು ಅಂಗೈಯಲ್ಲಿ ಹಿಡಿದು ನೋಡಿದೆ. ಹೊಸ ಜೋಳದ ಕಾಳಿನ ಹಾಗೆ ಬೆಳ್ಳಗಿತ್ತು. “ಇದರಾಗ ಕೆಟ್ಟದ್ದು ಎಲ್ಲೈತಿ, ತೋರ್ಸು” ಎಂದೆ. ಒಳಗೆ ಇರುತ್ತದೆ, ಕಾಣುವುದಿಲ್ಲ ಎಂದ. ಅವನ ಕೆನ್ನೆ ಮುಟ್ಟಿ ಪ್ರಯೋಜನವಿಲ್ಲ, ಬೇರೆ ಊರಿನವನು. ಕುರ್ಚಿ ಒದ್ದು ಬಂದೆ.

ಆಮೇಲೆ ಹೆಂಡತಿ ಕಾಶವ್ವ ಹಟ ಹಿಡಿದು ದೂರದ ಪಟ್ಟಣದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಒಬ್ಬ ಹೆಣ್ಣು ಡಾಕ್ಟರು ನನ್ನನ್ನು ಕೊಳವೆಯಂಥ ಮಷೀನಿನೊಳಗೆ ಮಲಗಿಸಿ ನೋಡಿದರು. “ಇದು ಮುಖದ ನರದ ನೋವು. ತಲೆಯೊಳಗೆ ಒಂದು ರಕ್ತನಾಳ ಆ ನರಕ್ಕೆ ತಾಗುತ್ತಿದೆ. ನಿಮ್ಮ ಹಲ್ಲುಗಳು ಚೆನ್ನಾಗಿದ್ದವು” ಎಂದರು. ಇದ್ದವು ಎಂದು ಅವರು ಹೇಳಿದ ರೀತಿಗೆ ನನಗೆ ಮೈ ಉರಿಯಿತು. ಮಾತ್ರೆ ಕೊಟ್ಟರು. ಅದರಿಂದ ನೋವು ಸ್ವಲ್ಪ ದೂರ ಸರಿಯುತ್ತದೆ, ಆದರೆ ತಲೆ ತೂಗುತ್ತದೆ, ಒಂದು ಮೆಟ್ಟಿಲು ಎರಡಾಗಿ ಕಾಣುತ್ತದೆ. ಗಿರಣಿಯ ಚಕ್ರ ತಿರುಗಿಸುತ್ತ ಓಡುವ ಪಟ್ಟಾದ ಪಕ್ಕ ನಿಲ್ಲುವವನಿಗೆ ಅದು ಆಗುವ ಮಾತಲ್ಲ. ಅರ್ಧ ಮಾತ್ರೆ ನುಂಗಿ ಅರ್ಧ ನೋವು ಇಟ್ಟುಕೊಂಡೆ.

ಊರಿಗೆ ಬಂದ ದಿನವೇ ತಂಗೆವ್ವ ಡಬ್ಬಿ ತೆಗೆದುಕೊಂಡು ಹೋಗಲು ಬಂದಳು. ತಂಗೆವ್ವ ನಮ್ಮೂರಿನ ಹಿರಿಯಳು. ಅವಳ ಅಂಗೈ ತಪ್ಪುವುದಿಲ್ಲ ಎಂದು ಹೆಸರು. ಜಗಳ ಯಾರದ್ದಾದರೂ ಕೊನೆಗೆ ಕೈ ಇಡುವವಳು ಅವಳೇ.

“ಕೆನ್ನಿ ಕೊಡೋ ಗದಿಗ್ಯಾ.”

“ಎಡಗಡೆ ಮುಟ್ಟಬ್ಯಾಡ ಆಯಿ. ನೋಯ್ತೈತಿ. ಬಲಗಡೆ ಮುಟ್ಟು.”

“ಬಲಗಡೆ ಮುಟ್ಟಿದ್ರ ಗ್ವಾಡಿ ಮುಟ್ಟಿದಂಗ. ಅದಕ್ಕ ನಿನ್ನ ಗಿರಣಿಗಿ ಯಾಕ ಬರ್ಲಿ, ನಮ್ಮನ್ಯಾಗ ಗ್ವಾಡಿ ಇಲ್ಲೇನು?” ಎಂದು ಮುಖದ ಹತ್ತಿರ ಬಂದು ನೋಡಿದಳು. “ಬಾವು ಎಲ್ಲೈತಿ? ಗಾಯ ಎಲ್ಲೈತಿ? ಕೆಂಪರೆ ಆಗೇತೇನು? ಹುಣ್ಣಿಲ್ಲ, ಹುಳುಕಿಲ್ಲ, ಇದೆಂಥಾ ನೋವೋ?”

“ನರದ್ದು. ಡಾಕ್ಟರು ಹೇಳ್ಯಾರ.”

“ಅವ್ರು ಯಾವೂರವ್ರು?”

ಅಲ್ಲಿಗೆ ಮಾತು ಮುಗಿಯಿತು. ಡಬ್ಬಿ ಎತ್ತಿದಳು, ಕೈಯಲ್ಲೇ ತೂಗಿ ನೋಡಿದಳು, ಏನೂ ಹೇಳದೆ ಹೋದಳು. ಏನಾದರೂ ಹೇಳಿದ್ದರೆ ನಾನು ನಾಲ್ಕು ಮಾತು ಬಯ್ದು ಹಗುರಾಗುತ್ತಿದ್ದೆ.

ಗಾಳಿ ತಾಗದಂತೆ ಟವಲನ್ನು ಮುಖಕ್ಕೆ ಸುತ್ತಿಕೊಳ್ಳಲು ಶುರುಮಾಡಿದೆ. ಗಾಣದ ದ್ಯಾಮಪ್ಪ ದಾರಿಯಲ್ಲಿ ನಿಂತು, “ಏನಪಾ ಗದಿಗೆಪ್ಪ, ಗಂಡಸರೂ ಸೆರಗು ಹೊಚ್ಚಾಕ ಹತ್ತಿದ್ರು?” ಎಂದ. ಅವನಿಗೆ ಎಣ್ಣೆಯ ಗಾಣವಿದೆ, ನನ್ನ ಗಿರಣಿಯ ಮೇಲೆ ಮೊದಲಿಂದಲೂ ಕಣ್ಣಿದೆ. ಮರುದಿನದಿಂದ ಹಿಟ್ಟು ಕಡಿಮೆ ಬರುತ್ತದೆ ಎಂಬ ಮಾತು ಹಬ್ಬಿತು. ಇವನೇ ಹುಟ್ಟಿಸಿದ್ದಾನೆ ಎಂದು ಗಾಣಕ್ಕೆ ನುಗ್ಗಿ ಅವನ ಕೆನ್ನೆಗೆ ಕೈ ಇಟ್ಟೆ.

“ಹೇಳು, ಮಾತು ಹುಟ್ಟಿಸಿದಾಂವ ನೀನಽ ಅಲ್ಲೇನು?”

“ನಾ ಅಲ್ಲ.”

ಬೆಚ್ಚಗಿತ್ತು. ಆದರೂ ನಾನು ನಂಬಲಿಲ್ಲ. ದಿನವೆಲ್ಲ ಎಣ್ಣೆ ಕಾಯಿಸುವ ಒಲೆಯ ಮುಂದೆ ಕೂರುವವನ ಕೆನ್ನೆ ಬೆಚ್ಚಗಿರದೆ ಇನ್ನೇನು? ಹೀಗೆ ನಾನು ಅಂದುಕೊಂಡದ್ದು ನನಗೇ ಹೊಸದು. ಅಲ್ಲಿಯವರೆಗೆ ಕೆನ್ನೆಯನ್ನು ಸಂಶಯಪಟ್ಟವನನ್ನು ನಾನು ನೋಡಿರಲಿಲ್ಲ.

ಒಮ್ಮೆ ಶುರುವಾದ ಸಂಶಯ ಗಿರಣಿಯ ಹಿಟ್ಟಿನ ಹಾಗೆ. ಎಲ್ಲದರ ಮೇಲೂ ಕೂರುತ್ತದೆ. ಕಾಶವ್ವನ ಮೇಲೂ ಕೂತಿತು. ನನಗೆ ಸಿಟ್ಟು ಬಂದ ಮರುದಿನ ಬೆಳಿಗ್ಗೆ ಅವಳು ಕೆನ್ನೆ ಮುಟ್ಟಿ “ಸಿಟ್ಟು ಹೋತೇನ್ರಿ?” ಎಂದು ಕೇಳುವುದು ಮದುವೆಯಾದಾಗಿನ ವಾಡಿಕೆ. ನಾನು “ಹೋತು” ಎನ್ನುತ್ತಿದ್ದೆ. ಬಹಳ ಸಲ ಕೆನ್ನೆ ತಣ್ಣಗಿರುತ್ತಿತ್ತು, ಅವಳು ನಕ್ಕು ಒಳಗೆ ಹೋಗುತ್ತಿದ್ದಳು. ಈಗ ಅದನ್ನು ಬಿಟ್ಟಿದ್ದಳು. ರೊಟ್ಟಿ ನಿಲ್ಲಿಸಿ ಗಂಜಿ ಕೊಡುತ್ತಿದ್ದಳು. ನನ್ನ ಎಡಕ್ಕೆ ಹಾಸುತ್ತಿದ್ದ ಹಾಸಿಗೆಯನ್ನು ಎತ್ತಿ ಬಲಕ್ಕೆ ಹಾಕಿಕೊಂಡಿದ್ದಳು. ನೋವು ಬಂದು ನಾನು ಕಂಬ ಹಿಡಿದು ನಿಂತರೆ ಏನಾಯಿತು ಎಂದು ಕೇಳುವುದನ್ನೂ ಬಿಟ್ಟಿದ್ದಳು. ಸುಮ್ಮನೆ ನಿಂತಿರುತ್ತಿದ್ದಳು. ಇವಳೂ ಊರಿನ ಕಡೆ ಸೇರಿದಳು ಎಂದುಕೊಂಡೆ. ಕೇಳಲಿಲ್ಲ. ಹೌದು ಎಂದು ಅವಳು ಹೇಳಿ, ಕೆನ್ನೆ ಬೆಚ್ಚಗಿದ್ದರೆ ನಾನೇನು ಮಾಡಬೇಕಿತ್ತು?

ಕೊನೆಗೆ ಊರು ತೀರ್ಮಾನ ಮಾಡಿತು. ಸಂತೆಯ ದಿನ ಚಾವಡಿಯಲ್ಲಿ ಎಲ್ಲರ ಮುಂದೆ ತಂಗೆವ್ವನಿಗೆ ಎಡಗೆನ್ನೆ ಕೊಡಬೇಕು. ಕೊಡದಿದ್ದರೆ, ಅಥವಾ ತಣ್ಣಗಾದರೆ, ಗಿರಣಿಯ ಪಟ್ಟಾ ಬಿಚ್ಚಿ ದ್ಯಾಮಪ್ಪನ ಕೈಗೆ ಕೊಡಬೇಕು. ಗಿರಣಿ ಅವನು ನಡೆಸುತ್ತಾನೆ.

ಹೋಗುವುದಿಲ್ಲ ಎಂದು ಹಟ ಮಾಡಿದೆ. ಆದರೆ ಹೋಗದಿದ್ದರೆ ಕಳ್ಳನೇ ಆದ ಹಾಗೆ. ಒಂದು ಹಿಡಿ ಹಿಟ್ಟೂ ನಾನು ಮುಟ್ಟಿಲ್ಲ. ನಿಜ ಹೇಳುವವನಿಗೆ ಭಯವೇಕೆ? ಒಂದು ಉಸಿರಿನ ನೋವು, ಹಲ್ಲು ಕಚ್ಚಿ ತಡೆದರೆ ಮುಗಿಯಿತು. ಹಾಗೆಂದುಕೊಂಡು ಅಂದು ಇಡೀ ಮಾತ್ರೆ ನುಂಗಿ ಹೊರಟೆ. ಬಲಗಡೆ ಬೋಳಿಸಿದ ಮುಖ, ಎಡಗಡೆ ತಿಂಗಳುಗಟ್ಟಲೆ ಬೆಳೆದ ಗಡ್ಡ. ನಾಯಿಗಳು ಕೂಡ ಬೊಗಳಿದವು.

ಚಾವಡಿಯಲ್ಲಿ ಜನ ಕಿಕ್ಕಿರಿದಿದ್ದರು. ತಂಗೆವ್ವ ಕೈ ತೊಳೆದು ಒರೆಸಿಕೊಂಡು ಬಂದಳು. ಗಡ್ಡ ಸರಿಸಿ ಚರ್ಮಕ್ಕೇ ಅಂಗೈ ತಾಗಬೇಕು ಎಂದಳು.

“ಹೇಳು. ಮಂದಿ ಕಾಳು ಮಂದಿಗೇ ಕೊಟ್ಟೀಯೇನು?”

“ಕೊಟ್ಟೀನಿ. ಒಂದು ಹಿಡಿನೂ ಮುಟ್ಟಿಲ್ಲ.”

ಅವಳ ಅಂಗೈ ಕೆನ್ನೆಗೆ ಬಂತು. ಕಲ್ಲಿಗೆ ಮೊಳೆ ಸಿಕ್ಕಿತು. ನನ್ನ ಕಣ್ಣಿಗೆ ಚಾವಡಿಯೇ ಕಾಣಲಿಲ್ಲ. ಮೈಯ ರಕ್ತವೆಲ್ಲ ಎಲ್ಲಿಗೋ ಇಳಿದುಹೋಯಿತು, ಮುಖದ ತುಂಬ ಬೆವರು ಒಡೆಯಿತು. ಕಂಬ ಹಿಡಿದುಕೊಂಡೆ. ನೋವು ಬಿಟ್ಟಾಗ ಮೊದಲು ಕೇಳಿಸಿದ್ದು ತಂಗೆವ್ವನ ದನಿ.

“ತಣ್ಣಗೈತಿ.”

ಜನ ಹೋ ಎಂದರು. ದ್ಯಾಮಪ್ಪ ಆಗಲೇ ಗಿರಣಿಯ ಕಡೆ ತಿರುಗಿದ್ದ. ಆಗ ನನಗೆ ಹೊಳೆಯಿತು. ನನ್ನ ಕೆನ್ನೆ ತಣ್ಣಗಾದದ್ದು ಸುಳ್ಳಿಗಲ್ಲ, ನೋವಿಗೆ. ಇದನ್ನು ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ತೋರಿಸಬೇಕು. ತೋರಿಸಬೇಕಾದರೆ ಇನ್ನೊಮ್ಮೆ ಮುಟ್ಟಿಸಿಕೊಳ್ಳಬೇಕು. ಎರಡನೆಯ ಸಲ ಗಡ್ಡ ಸರಿಸಿ ನನ್ನಷ್ಟಕ್ಕೆ ನಾನೇ ಕೆನ್ನೆ ಚಾಚಿದೆ.

“ಏ ಆಯಿ, ಇನ್ನೊಮ್ಮಿ ಇಡು ಕೈ! ಈ ಸಲ ಎಲ್ಲಾರಿಗೂ ಗೊತ್ತಿದ್ದ ಮಾತು ಹೇಳ್ತೀನಿ. ನನ್ನ ಹೆಸರು ಗದಿಗೆಪ್ಪ. ಇಡು!”

ಇಟ್ಟಳು. ಮತ್ತೆ ಮೊಳೆ, ಮತ್ತೆ ಕಿಡಿ. ಮಂಡಿ ಊರಿ ಕೂತುಬಿಟ್ಟೆ. ತಂಗೆವ್ವ ಕೈ ಹಿಂದಕ್ಕೆ ಎಳೆದುಕೊಂಡಳು. “ತಣ್ಣಗೈತಿ” ಎಂದಳು, ಸಣ್ಣ ದನಿಯಲ್ಲಿ.

ಗೆದ್ದೆ ಎಂದುಕೊಂಡೆ. ಹೆಸರು ಹೇಳಿದರೂ ತಣ್ಣಗಾಗುವ ಕೆನ್ನೆಯನ್ನು ಇನ್ನು ಯಾರು ನಂಬುತ್ತಾರೆ?

ದ್ಯಾಮಪ್ಪ ಗಂಟಲು ಸರಿಮಾಡಿಕೊಂಡು ಕೇಳಿದ, “ಹಂಗಾದ್ರ ಇಂವ ಯಾರು?”

ತಮಾಷೆ ಎಂದು ತಿಳಿದೆ. ಯಾರೂ ನಗಲಿಲ್ಲ. ಹತ್ತಿರ ನಿಂತವರು ಒಂದು ಹೆಜ್ಜೆ ಹಿಂದೆ ಸರಿದರು. “ಹೌದಲ್ಲ, ಇತ್ತಿತ್ಲಾಗ ಇವನ ಮುಖಾನೂ ಬ್ಯಾರೆ ಕಾಣ್ತೈತಿ” ಎಂದಳು ಹಾಲಿನವಳು. “ಗದಿಗೆಪ್ಪ ಟವಲ್ ಸುತ್ತತಿರಲಿಲ್ಲ” ಎಂದ ಇನ್ನೊಬ್ಬ. “ಬಾಯಿ ತಗಸ್ರಿ ಇವಂದು. ಗದಿಗೆಪ್ಪಗ ಹಲ್ಲು ಪೂರಾ ಇದ್ದವು” ಎಂದ ಮೂರನೆಯವನು. ಮಾತ್ರೆಯ ಅಮಲಿನಲ್ಲಿ ನನ್ನ ನಾಲಿಗೆ ಆ ಖಾಲಿ ಜಾಗಕ್ಕೆ ಹೋಯಿತು. ಒಂದು ಕ್ಷಣ ನನಗೇ ಸಂಶಯ ಬಂತು ಎಂದರೆ ನೀವು ನಗಬಾರದು.

ತಂಗೆವ್ವ ಹೆಂಗಸರ ಕಡೆ ತಿರುಗಿದಳು. “ಕಾಶವ್ವ, ಬಾ ಇಲ್ಲಿ. ಇಂವ ಯಾರವಾ?”

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಎತ್ತುವುದಿಲ್ಲ. ಮದುವೆಯಲ್ಲಿ ಒಡಪು ಎಂದು ಪ್ರಾಸದ ಎರಡು ಸಾಲು ಕಟ್ಟಿ ಅದರ ನಡುವೆ ಸೇರಿಸಿ ಒಮ್ಮೆ ಹೇಳಿದರೆ ಆಯಿತು, ಆಮೇಲೆ ಸಾಯುವವರೆಗೆ ಇಲ್ಲ. ಕಾಶವ್ವ ಬಂದಳು. ತಂಗೆವ್ವನ ಕೈಯನ್ನು ತಾನೇ ಎಳೆದು ತನ್ನ ಎಡಗೆನ್ನೆಗೆ ಇಟ್ಟುಕೊಂಡಳು.

“ಗದಿಗೆಪ್ಪ” ಎಂದಳು. ಒಡಪಿಲ್ಲ, ಏನಿಲ್ಲ, ಬರೀ ಹೆಸರು. “ಇವರು ಗದಿಗೆಪ್ಪ. ನನ್ನ ಗಂಡ.”

ಹೆಂಗಸರು ಬಾಯಿಗೆ ಸೆರಗು ಹಿಡಿದರು. ತಂಗೆವ್ವ, “ಬೆಚ್ಚಗೈತಿ” ಎಂದಳು.

“ಅಂದ್ರ ಆಕಿಗೂ ಮೋಸ ಮಾಡ್ಯಾನ” ಎಂದ ದ್ಯಾಮಪ್ಪ. “ಆಕಿ ನಂಬ್ಯಾಳ, ಪಾಪ.”

ಕಾಶವ್ವ ಅವನ ಕಡೆ ತಿರುಗಿದಳು. “ಏ ದ್ಯಾಮಣ್ಣ, ಮದವಿ ಆದಾಗಿಂದ ಈ ಸಿಟ್ಟಿನ ಕೂಡ ಸಂಸಾರ ಮಾಡೀನಿ. ಇಂಥಾ ಸಿಟ್ಟಿನ ಇನ್ನೊಬ್ಬ ಗಂಡಸು ಈ ಸೀಮ್ಯಾಗ ಎಲ್ಲರ ಇದ್ರ ಹಿಡ್ಕೊಂಡು ಬಾ. ನೋಡೂಣು.”

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಆಮೇಲೆ ಚಾವಡಿಯೆಲ್ಲ ನಕ್ಕಿತು. ತಂಗೆವ್ವ ನಗಲಿಲ್ಲ. ತನ್ನ ಅಂಗೈಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಸೀರೆಗೆ ಒರೆಸಿ ಮತ್ತೆ ನೋಡಿದಳು. ಕೆನ್ನೆಯನ್ನು ಸಂಶಯಪಡುವುದು ಅವಳಿಂದಾಗಲಿಲ್ಲ, ಕೈಯನ್ನೇ ಸಂಶಯಪಟ್ಟಳು. “ನನ್ನ ಕೈಗೇ ಏನೋ ಆಗೇತಿ” ಎಂದಳು. “ಇವನ ಕೆನ್ನಿ ಬ್ಯಾಡ. ಪಟ್ಟಾ ಬಿಚ್ಚಬ್ಯಾಡ್ರಿ. ಯಾರ ಕಾಳು ಅದಾವೋ ಅವರು ಗಿರಣ್ಯಾಗ ನಿಂತು ನೋಡ್ಕೋರಿ.”

“ನಿಂತು ಏನ್ ನೋಡೂದು?” ಎಂದು ಒಬ್ಬಳು ಕೇಳಿದಳು.

“ಕಣ್ಣ ಅದಾವಲ್ಲ. ಕಾಳು ಹೋಗೂದು ನೋಡು, ಹಿಟ್ಟು ಬರೂದು ನೋಡು.”

ಹೀಗೆ ನನ್ನ ಗಿರಣಿ ಉಳಿಯಿತು. ಈಗ ಊರೆಲ್ಲ ಅಲ್ಲಿ ಬಂದು ನಿಲ್ಲುತ್ತದೆ. ಕೆಮ್ಮುತ್ತ, ಕಣ್ಣುಜ್ಜುತ್ತ, ನನ್ನ ಕೈ ಎಲ್ಲಿ ಹೋಗುತ್ತದೆ ಎಂದು ನೋಡುತ್ತ ನಿಲ್ಲುತ್ತದೆ. ನನಗೂ ಅವರ ಮೇಲೆ ಕಣ್ಣು. ತಂಗೆವ್ವನ ಹುಬ್ಬು, ರೆಪ್ಪೆ ಎಲ್ಲ ಹಾರುವ ಹಿಟ್ಟಿಗೆ ಬಿಳಿಯಾಗುತ್ತದೆ. ಹೋಗುವಾಗ ಹೊರಗೆ ನಿಂತು ಸೀರೆ ಕೊಡವುತ್ತಾಳೆ. ಹಿಟ್ಟು ಎಲ್ಲಿ ಕಡಿಮೆಯಾಗುತ್ತದೆ ಎಂದು ಅವಳಿಗೆ ಮೊದಲ ದಿನವೇ ತಿಳಿದಿರಬೇಕು, ಅವಳ ಸೀರೆಯಿಂದಲೇ ಒಂದು ಹಿಡಿ ಉದುರಿತ್ತು. ಬಾಯಿಬಿಟ್ಟು ಹೇಳಿಲ್ಲ. ದ್ಯಾಮಪ್ಪ ಮಾತ್ರ ಇವತ್ತಿಗೂ ನನ್ನನ್ನು “ಗದಿಗೆಪ್ಪ ಅಂತ ಹೇಳ್ಕೊಳ್ಳಾಂವ” ಎಂದೇ ಕರೆಯುತ್ತಾನೆ.

ಆದರೆ ಆ ಸಂತೆಯ ದಿನ ಮನೆಗೆ ಬಂದ ಮೇಲಿನದು ಒಂದು ಉಳಿದಿದೆ. ಕಾಶವ್ವ ಗಂಜಿ ಬಗ್ಗಿಸಿ ಮುಂದಿಟ್ಟಳು. ನನಗೆ ಒಂದು ಮಾತು ಚಾವಡಿಯಿಂದಲೇ ಕೊರೆಯುತ್ತಿತ್ತು.

“ಹೆಸರು ಹೇಳಿದಿ. ಹಿಟ್ಟಿನ ಮಾತು ಯಾಕ ಹೇಳ್ಲಿಲ್ಲ? ನನ್ನ ಗಂಡ ಕಳ್ಳ ಅಲ್ಲ ಅನ್ನಾಕ ನಿನಗೇನಾಗಿತ್ತು?”

“ನಾ ಗಿರಣ್ಯಾಗ ನಿಂತು ನೋಡೀನೇನ್ರಿ? ಗೊತ್ತಿಲ್ಲದ್ದನ್ನ ಹೇಳಿದ್ರ ನನ್ನ ಕೆನ್ನಿನೂ ತಣ್ಣಗಾಗತಿತ್ತು. ಗಿರಣಿ ಆಗಽ ಹೋಗತಿತ್ತು.”

“ಅಂದ್ರ ನಿನಗೂ ಸಂಶಯ ಐತಿ.”

“ಐತಿ, ಸ್ವಲ್ಪ ಐತಿ. ಸುಳ್ಯಾಕ ಹೇಳ್ಲಿ?”

ಮಣೆಯನ್ನು ಒದ್ದೆ. ಅದು ಹೋಗಿ ಗೋಡೆಗೆ ಬಿತ್ತು. ಅವಳು ಎದ್ದು ಅದನ್ನು ತಂದು ಮೊದಲಿನ ಜಾಗದಲ್ಲೇ ಇಟ್ಟಳು.

“ನೋವಿಂದು ಯಾರೂ ಕೇಳ್ಲಿಲ್ಲ” ಎಂದಳು. “ಕೇಳಿದ್ರ ಹೇಳತಿದ್ದೆ.”

“ಏನಂತ?”

“ಖರೇ ಐತಿ ಅಂತ.”

“ನಿನಗೆಂಗ ಗೊತ್ತು? ಬಾವಿಲ್ಲ, ಗಾಯಿಲ್ಲ.” ತಂಗೆವ್ವನ ಮಾತು ನನ್ನ ಬಾಯಿಂದಲೇ ಬಂತು.

“ಬಯ್ಯೂದು ನಡಕ ನಿಲ್ಲಸ್ತೀರಿ. ಅರ್ಧ ಬೈಗಳ ಬಾಯಾಗಽ ಉಳೀತೈತಿ. ಹುಟ್ಟಿದಾಗಿಂದ ಒಂದರ ಬೈಗಳ ಅರ್ಧಕ್ಕ ಬಿಟ್ಟ ಮನಷ್ಯಾ ಏನ್ರಿ ನೀವು? ಅದಕ್ಕಽ ಹಾಸಿಗಿ ಈ ಕಡೆ ತಂದೆ. ನಿದ್ದ್ಯಾಗ ಬಳಿ ಕೈ ತಾಗೀತು ಅಂತ.”

ನಾನು ಸಂಶಯದ ಮನುಷ್ಯ. ಕೈ ಎತ್ತಿದೆ. ಅವಳು ಬೇಡ ಎನ್ನಲಿಲ್ಲ, ಎಡಗೆನ್ನೆ ಮುಂದೆ ಚಾಚಿದಳು. ಅಂಗೈ ಇಟ್ಟು, “ಇನ್ನೊಮ್ಮಿ ಹೇಳು” ಎಂದೆ.

“ನಿಮ್ಮ ನೋವು ಖರೇ ಐತಿ.”

ಅಂದು ಬಹಳ ಮಾತಾಡಿದ್ದೆ. ಆ ಹೊತ್ತಿಗೇ ಮೊಳೆ ಕಲ್ಲಿಗೆ ಸಿಕ್ಕಿತು. ಕಣ್ಣು ಮುಚ್ಚಿದೆ, ಉಸಿರು ಹಿಡಿದೆ, ಕಿಡಿ ಕಿವಿಯಿಂದ ಗದ್ದಕ್ಕೆ ಹೋಗಿ ಮತ್ತೆ ಬಂದು ಮತ್ತೆ ಹೋಯಿತು. ಬಿಟ್ಟಾಗ ಕಣ್ಣು ತೆರೆದೆ. ನನ್ನ ಅಂಗೈ ಇನ್ನೂ ಅವಳ ಕೆನ್ನೆಯ ಮೇಲೇ ಇತ್ತು. ಬೆರಳಿನ ಗುರುತು ಮೂಡುವಷ್ಟು ಒತ್ತಿದ್ದೆ. ಅವಳು ಅಲುಗಿರಲಿಲ್ಲ, ಏನಾಯಿತು ಎಂದು ಕೇಳಿರಲಿಲ್ಲ, ದಿನವೂ ನಿಲ್ಲುವ ಹಾಗೆ ಸುಮ್ಮನೆ ಇದ್ದಳು. ಕೈ ತೆಗೆದೆ. ಅವಳ ಕೆನ್ನೆ ಬೆಚ್ಚಗಿತ್ತೋ ತಣ್ಣಗಿತ್ತೋ ನೋಡುವುದನ್ನೇ ಮರೆತಿದ್ದೆ.

ಇನ್ನೊಮ್ಮೆ ಹೇಳು ಎನ್ನಬಹುದಿತ್ತು.

“ಗಂಜಿ ಆರೇತೇನು?” ಎಂದು ಕೇಳಿದೆ.

“ಇನ್ನಾ ಬಿಸಿ ಐತಿ. ತಡೀರಿ.”

ಬಟ್ಟಲು ಮುಟ್ಟಿ ನೋಡಲಿಲ್ಲ. ತಡೆದೆ.